ಚಿನ್ನು ಅಣ್ಣಂಗೆ ಯಾರು ಸಾರಿ ಹೇಳಿದ್ರು?

ನಾವಿರುವುದು ಇಂಗ್ಲೆಂಡಿನಲ್ಲಿ. ಹೋದ ವಾರ ಪಕ್ಕದ ಮನೆಗೆ ಹೊಸ ವ್ಯಾನ್ ಬಂತು. ಹಿಂದಿನ ಬಾಗಿಲು ತೆಗೆದರೆ ಒಂದು ಹಲಗೆ ತಾನಾಗೇ ಕೆಳಗಿಳಿಯುತ್ತದೆ. ಅದರ ಮೇಲೆ ಗಾಲಿಕುರ್ಚಿ ನಿಲ್ಲಿಸಿದರೆ ಹಾಗೇ ಮೇಲೆತ್ತಿ ಒಳಗೆ ಬಿಡುತ್ತದೆ. ಅವರ ಮಗನಿಗೆ ಒಂಬತ್ತು ವರ್ಷ. ಮಾತು ಬರುವುದಿಲ್ಲ, ನಡೆಯಲು ಆಗುವುದಿಲ್ಲ. ಆದರೆ ಹಲಗೆ ಮೇಲೇಳುವಾಗ ಅವನು ಕೇಕೆ ಹಾಕಿ ನಕ್ಕ. ನನ್ನ ಮಗಳು ಅವನ ಜೊತೆ ನಾಲ್ಕು ಸಲ ಹತ್ತಿ ಇಳಿದಳು.

ರಾತ್ರಿ ಊಟಕ್ಕೆ ಕೂತಾಗ ಅವಳು ಕೇಳಿದಳು. "ಅಮ್ಮಾ, ಅವನು ಹುಟ್ಟುವಾಗ ಆಸ್ಪತ್ರೆಯವರು ತಪ್ಪು ಮಾಡಿದ್ರಂತೆ. ಆಮೇಲೆ ಸಾರಿ ಅಂತ ಕಾಗದ ಬರೆದ್ರಂತೆ. ಚಿನ್ನು ಅಣ್ಣಂಗೆ ಯಾರು ಸಾರಿ ಹೇಳಿದ್ರು?"

ಕೈಯಲ್ಲಿದ್ದ ಮುದ್ದೆ ತುತ್ತು ಕೈಯಲ್ಲೇ ಉಳಿಯಿತು.

ಚಿನ್ನು ನನ್ನ ಅಕ್ಕನ ಮಗ. ಪಾಂಡವಪುರದ ಹತ್ತಿರ ಒಂದು ಹಳ್ಳಿಯಲ್ಲಿದ್ದಾನೆ. ಈಗ ಹನ್ನೆರಡು ವರ್ಷ. ಅವನಿಗೂ ನಡೆಯಲು ಆಗುವುದಿಲ್ಲ. ಅಕ್ಕ ಈಗಲೂ ಅವನನ್ನು ಎತ್ತಿಕೊಂಡೇ ಬಚ್ಚಲಿಗೆ ಹೋಗುತ್ತಾಳೆ. ಇಪ್ಪತ್ತೆಂಟು ಕೇಜಿ ತೂಗುತ್ತಾನೆ. ಹೋದ ಸಲ ಊರಿಗೆ ಹೋದಾಗ ನೋಡಿದೆ, ಅವನನ್ನು ಕೆಳಗಿಳಿಸಿದ ಮೇಲೆ ಅವಳು ಗೋಡೆ ಹಿಡಿದು ಒಂದು ನಿಮಿಷ ಹಾಗೇ ಬಗ್ಗಿ ನಿಂತಿರುತ್ತಾಳೆ. ಸೊಂಟ ಒಂದೇ ಸಲಕ್ಕೆ ನೆಟ್ಟಗಾಗುವುದಿಲ್ಲ.

ಅದು ಚೊಚ್ಚಲ ಹೆರಿಗೆ. ಮಂಡ್ಯದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ಬುಧವಾರ ಬೆಳಗ್ಗೆ ನೋವು ಶುರುವಾಯಿತು. ಮಗು ಬಂದದ್ದು ಶುಕ್ರವಾರ ಬೆಳಗಿನ ಜಾವ. ಹೊರಗಿನ ಬೆಂಚಿನ ಮೇಲೆ ನಾನು, ಅವ್ವ, ಅಕ್ಕನ ಅತ್ತೆ. ಯಾವಾಗ ಕೇಳಿದರೂ ಒಂದೇ ಉತ್ತರ, "ಚೊಚ್ಚಲು ಅಲ್ವಾ, ಟೈಮ್ ಹಿಡಿಯುತ್ತೆ." ಗುರುವಾರ ಸಂಜೆ ಭಾವ ತಡೆಯಲಾರದೆ "ಆಪರೇಷನ್ ಮಾಡ್ಬುಡಿ ಅಂತ ಹೇಳನಾ" ಅಂದರು. ಅತ್ತೆ ಬಿಡಲಿಲ್ಲ. "ಸುಮ್ನಿರಪ್ಪ, ನಾರ್ಮಲ್ಲೇ ಆಯ್ತದೆ." ಅವ್ವನೂ ಹೂಂ ಅಂದಳು. ನಾನು ಏನೂ ಅನ್ನಲಿಲ್ಲ. ಆಗ ನನಗೆ ಇಪ್ಪತ್ತೆರಡು ವರ್ಷ, ಕಾಲೇಜು ಮುಗಿಸಿದವಳು. ಒಳಗೆ ಹೋಗಿ ಒಂದು ಮಾತು ಕೇಳಬಹುದಿತ್ತು.

ಕೊನೆಗೆ ಇಬ್ಬರು ಸೇರಿ ಅಕ್ಕನ ಹೊಟ್ಟೆ ಮೇಲೆ ಒತ್ತಿದರಂತೆ. ಬಾಣಂತಿಗೆ ನೀರು ಹಾಕುವಾಗ ಅವಳ ಪಕ್ಕೆ ಮೇಲೆ ಬೆರಳಿನ ಗುರುತು ನೀಲಿಗಟ್ಟಿದ್ದನ್ನು ನಾನೇ ನೋಡಿದ್ದೇನೆ.

ಮಗು ಅಳಲಿಲ್ಲ. ಆಂಬುಲೆನ್ಸಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು. ಎರಡು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು, ಫಿಟ್ಸ್ ಬರುತ್ತಿತ್ತು. ಮನೆಗೆ ಬಂದು ಐದು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ಆಗ ಶುರುವಾಯಿತು ನೋಡಿ, ಒಬ್ಬೊಬ್ಬರದು ಒಂದೊಂದು ಮಾತು. ಗ್ರಹಣದ ದಿನ ಹೊರಗೆ ಬಂದಿದ್ದಳು. ಯಾರದೋ ಕಣ್ಣು ಬಿತ್ತು. ಹಣೆಬರಹ. ಇವೆಲ್ಲ ಹೇಗೋ ಕಳೆದುಹೋದವು. ಉಳಿದದ್ದು ಒಂದೇ ಮಾತು, ಹೆರಿಗೆ ಕೋಣೆಯಿಂದ ಹೊರಗೆ ಬಂದ ಒಬ್ಬ ನರ್ಸ್ ಹೇಳಿದ್ದು. "ಹುಡುಗಿ ಸರಿಯಾಗಿ ಮುಕ್ಕಲೇ ಇಲ್ಲ." ಅತ್ತೆ ಅದನ್ನು ಹನ್ನೆರಡು ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಅಕ್ಕ ಹನ್ನೆರಡು ವರ್ಷದಿಂದ ನಂಬುತ್ತಾ ಬಂದಿದ್ದಾಳೆ.

ಆ ಎರಡು ದಿನ ಏನಾಯಿತು ಅಂತ ಅವಳನ್ನು ಮೊದಲು ಕೂರಿಸಿ ಕೇಳಿದ್ದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. ಚಿನ್ನುಗೆ ಆಗಲೇ ಮೂರು ವರ್ಷ. ಮಾತಿನ ತರಬೇತಿಗೆ ಅಂತ ಹೋಗಿದ್ದರು. ಅಲ್ಲಿ ಕಲಿಯುವ ಒಬ್ಬ ಹುಡುಗಿ ಫಾರಂ ತುಂಬುತ್ತಾ, "ಎಷ್ಟು ಗಂಟೆ ನೋವು ತಿಂದ್ರಿ? ಹುಟ್ಟಿದ ತಕ್ಷಣ ಅತ್ತಿತ್ತಾ?" ಅಂದಳಂತೆ. ಆ ಪ್ರಶ್ನೆಗೇ ಅಕ್ಕ ಅಲ್ಲೇ ಅತ್ತುಬಿಟ್ಟಳಂತೆ.

ಮಗಳ ಮಾತು ಕೇಳಿದ ಮಾರನೇ ದಿನ ನಾನು ಪಕ್ಕದ ಮನೆಗೆ ಹೋದೆ. ಆ ಹುಡುಗನ ಅಮ್ಮ ಫೈಲು ತಂದು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಳು. ಮೂರು ದಪ್ಪ ಫೈಲು. ನಡುವೆ ಒಂದೇ ಒಂದು ಹಾಳೆಗೆ ಹಳದಿ ಚೀಟಿ ಅಂಟಿಸಿತ್ತು. ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತು ಹಾಕುವ ಹಾಳೆ ಅದು, ಪಾರ್ಟೋಗ್ರಾಫ್ ಅನ್ನುತ್ತಾರೆ. ಕೆಳಗೆ ಗಂಟೆ, ಪಕ್ಕದಲ್ಲಿ ಗರ್ಭದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಅಂತ. ಮೇಲ್ಗಡೆ ಅರ್ಧರ್ಧ ಗಂಟೆಗೆ ಮಗುವಿನ ಎದೆಬಡಿತ. ನಿಮಿಷಕ್ಕೆ 110ರಿಂದ 160 ಇರಬೇಕು. ಓರೆಯಾಗಿ ಎರಡು ಗೆರೆ. ಹೆರಿಗೆ ಮೊದಲನೇ ಗೆರೆ ದಾಟಿದರೆ ಎಚ್ಚರ, ಅಲ್ಲಿಂದ ನಾಲ್ಕು ಗಂಟೆ ಆಚೆ ಇರುವ ಎರಡನೇ ಗೆರೆ ಮುಟ್ಟಿದರೆ ಏನಾದರೂ ಮಾಡಲೇಬೇಕು. ಅವಳ ಚುಕ್ಕಿಗಳು ಎರಡನೇ ಗೆರೆಯನ್ನೂ ದಾಟಿ ಆಚೆ ಹೋಗಿದ್ದವು. ಎದೆಬಡಿತದ ಸಾಲಿನಲ್ಲಿ ಒಂದೂವರೆ ಗಂಟೆ ಖಾಲಿ. ಅವಳು ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, "ನನ್ನ ಮಗ ಇಲ್ಲಿ ಕಳೆದುಹೋದ" ಅಂದಳು.

ಹುಟ್ಟಿದ ಮೇಲೆ ಮಿದುಳು ಉಳಿಸಲು ಆರು ಗಂಟೆಯೊಳಗೆ ಮೈ ತಣ್ಣಗೆ ಮಾಡುವ ಚಿಕಿತ್ಸೆ ಶುರು ಮಾಡಿ 72 ಗಂಟೆ ಇಟ್ಟಿದ್ದರು. ಆದರೂ ಹೀಗಾಯಿತು. ಇಲ್ಲಿ ತಪ್ಪಾಗಿ ತೊಂದರೆಯಾದರೆ ಆಸ್ಪತ್ರೆಯೇ ಮುಂದೆ ಬಂದು ಹೇಳಬೇಕು, ಕ್ಷಮೆ ಕೇಳಬೇಕು ಅಂತ 2014ರಿಂದ ಕಾನೂನಿದೆ. ಹೆರಿಗೆಯಲ್ಲಿ ಮಿದುಳಿಗೆ ಪೆಟ್ಟಾಗಿ ಮಗುವಿಗೆ ತೀವ್ರ ಅಂಗವಿಕಲತೆ ಬಂದಿದ್ದರೆ ವಕೀಲರ ಖರ್ಚಿಗೆ ಸರ್ಕಾರದ ನೆರವು ಸಿಗುತ್ತದೆ. ಹಾಗಿದ್ದೂ ಕೇಸು ಆರು ವರ್ಷ ಹಿಡಿಯಿತು. ಪರಿಹಾರದಲ್ಲಿ ಒಂದು ಪಾಲು ಒಟ್ಟಿಗೆ ಬಂತು, ಉಳಿದದ್ದು ಅವನು ಬದುಕಿರುವವರೆಗೆ ವರ್ಷ ವರ್ಷ ಬರುತ್ತದೆ. ವ್ಯಾನು, ಬಚ್ಚಲಿನ ಮೇಲೆ ಅವನನ್ನು ಎತ್ತಿ ಇಳಿಸುವ ಯಂತ್ರ, ರಾತ್ರಿ ಬರುವ ನರ್ಸ್, ಎಲ್ಲ ಅದರದ್ದೇ. ನನ್ನ ಕಣ್ಣು ಆ ಯಂತ್ರದ ಮೇಲೇ ಇತ್ತು.

ಇಂಗ್ಲೆಂಡಿನಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ನಾವಿರುವ ವುಲ್ವರ್‌ಹ್ಯಾಂಪ್ಟನ್ನಿಂದ ಮುಕ್ಕಾಲು ಗಂಟೆ ದಾರಿ ಶ್ರೂಸ್‌ಬರಿ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಿಭಾಗದ ಬಗ್ಗೆ 2022ರ ಮಾರ್ಚ್‌ನಲ್ಲಿ ಆಕೆಂಡನ್ ವರದಿ ಬಂತು. ಆರೈಕೆ ಚೆನ್ನಾಗಿದ್ದಿದ್ದರೆ 201 ಮಕ್ಕಳು, 9 ತಾಯಂದಿರು ಉಳಿಯಬಹುದಿತ್ತು ಅಂತ ಅದರಲ್ಲಿದೆ. ಸಿಸೇರಿಯನ್ ಕಡಿಮೆ ಅನ್ನುವುದೇ ಅಲ್ಲಿ ಹೆಮ್ಮೆಯಾಗಿತ್ತು. ಓದುವಾಗ ನಮ್ಮ ಬೆಂಚು ನೆನಪಾಯಿತು. 'ನಾರ್ಮಲ್ಲೇ ಆಯ್ತದೆ.' ಆ ತನಿಖೆ ಆಗಿದ್ದು ಮಗುವನ್ನು ಕಳೆದುಕೊಂಡ ಎರಡು ಕುಟುಂಬಗಳು ಬಿಡದೆ ಕೇಳಿದ್ದರಿಂದ.

ನಮ್ಮಲ್ಲಿ ಕೇಳಿದರೆ ಜಗಳಕ್ಕೆ ಬಂದ ಹಾಗೆ. ಭಾವನ ಸ್ನೇಹಿತರೊಬ್ಬರು ಆಗಲೇ ಗ್ರಾಹಕರ ಕೋರ್ಟಿಗೆ ಹೋಗಿ ಅಂದಿದ್ದರು. ಭಾವ ಒಪ್ಪಲಿಲ್ಲ. "ಮಗನ್ನ ತೋರ್ಸಿ ದುಡ್ಡು ತಿಂದ ಅನ್ನಲ್ವಾ ಜನ?" ಅಂದರು. ಊರಲ್ಲಿ ಹಾಗೇ ಅನ್ನುತ್ತಿದ್ದರು ಅನ್ನುವುದೂ ನಿಜ. ಆದರೆ ಆ ದುಡ್ಡು ಅಂದರೆ ಅಕ್ಕನ ಸೊಂಟ ಅಲ್ವಾ? ಅದನ್ನು ಯಾರೂ ಯೋಚಿಸಲಿಲ್ಲ, ನಾನೂ.

ಕಾನೂನು ನಮ್ಮಲ್ಲೂ ಇದೆ. ದುಡ್ಡು ಕೊಟ್ಟು ತೋರಿಸಿಕೊಳ್ಳುವ ಆಸ್ಪತ್ರೆ ಗ್ರಾಹಕರ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಅನ್ನುವವರ ಕೇಸಿನಲ್ಲಿ 1995ರಲ್ಲೇ ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿರುವ ಆಸ್ಪತ್ರೆಗೆ ಮಾತ್ರ ಈ ದಾರಿ ಇಲ್ಲ, ಸಿವಿಲ್ ಕೋರ್ಟಿಗೆ ಹೋಗಬೇಕು. ಮಂಡ್ಯದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ವಕೀಲರಿಲ್ಲದೆ ನೀವೇ ದೂರು ಕೊಡಬಹುದು. ಆದರೆ ಎರಡು ವರ್ಷದೊಳಗೆ ಕೊಡಬೇಕು, ತಡವಾದರೆ ಸರಿಯಾದ ಕಾರಣ ತೋರಿಸಬೇಕು. ಕೇಸು ಶೀಟು, ಅಂದರೆ ಆಸ್ಪತ್ರೆಯವರು ಚಿಕಿತ್ಸೆ ಬರೆದಿಟ್ಟ ಕಾಗದ, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರಿಂದ ವೈದ್ಯರ ನಿಯಮದಲ್ಲಿದೆ. ಅದೇ ನಿಯಮದಲ್ಲಿ ಆ ಕಾಗದಗಳನ್ನು ಇಟ್ಟುಕೊಳ್ಳಬೇಕಾದ್ದು ಮೂರೇ ವರ್ಷ. ಕತ್ತು ನಿಲ್ಲಲಿಲ್ಲ, ಕೂರಲಿಲ್ಲ, ನಡೆಯಲಿಲ್ಲ ಅಂತ ನಾವು ಆಸ್ಪತ್ರೆ, ದೇವಸ್ಥಾನ ಸುತ್ತುವಷ್ಟರಲ್ಲಿ ಮೂರು ವರ್ಷ ಮುಗಿದೇ ಹೋಗುತ್ತದೆ. ಇದನ್ನು ಓದುತ್ತಿರುವವರ ಮನೆಯಲ್ಲಿ ಹುಟ್ಟಿದ ಕೂಡಲೇ ಅಳದ ಮಗು ಇದ್ದರೆ, ದಯವಿಟ್ಟು ಈ ವಾರವೇ ಹೋಗಿ ಕಾಗದ ಕೇಳಿ. ಕೇಸು ಹಾಕುವುದು ಬಿಡುವುದು ಆಮೇಲಿನ ಮಾತು.

ಇಂಥ ಮಕ್ಕಳಿಗೆಲ್ಲ ಹೆರಿಗೆಯಲ್ಲೇ ಪೆಟ್ಟಾಗಿರುತ್ತದೆ ಅಂತಲ್ಲ. ಎಷ್ಟೋ ಮಕ್ಕಳಿಗೆ ಹೊಟ್ಟೆಯಲ್ಲಿದ್ದಾಗಲೇ ಆಗಿರುತ್ತದೆ, ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ. ಯಾವುದು ಅಂತ ತಿಳಿಯಲಿಕ್ಕಾದರೂ ಆ ಹಾಳೆ ಬೇಕು.

ಭಾನುವಾರ ಅಕ್ಕನಿಗೆ ಫೋನ್ ಮಾಡಿ ಹಳೇ ಕಾಗದ ಏನಾದರೂ ಇದೆಯಾ ಅಂದೆ. "ಯಾಕಮ್ಮಿ ಈಗ ಅದೆಲ್ಲಾ?" ಅಂದಳು. ಆದರೂ ಟ್ರಂಕು ತೆಗೆದಳು. ತಾಯಿ ಕಾರ್ಡಿನೊಳಗೆ ಮಡಚಿಟ್ಟಿದ್ದ ಡಿಸ್ಚಾರ್ಜ್ ಚೀಟಿಯ ಫೋಟೋ ವಾಟ್ಸಾಪಿನಲ್ಲಿ ಬಂತು. ಮಡಿಕೆಯ ಹತ್ತಿರ ಹರಿದಿದೆ. ಮಗುವಿನ ತೂಕ, ಹುಟ್ಟಿದ ಹೊತ್ತು, ಡಾಕ್ಟರ ಸಹಿ. ನಡುವೆ ದೊಡ್ಡ ಅಕ್ಷರದಲ್ಲಿ 'ನಾರ್ಮಲ್ ಡೆಲಿವರಿ'. ಎರಡು ದಿನದ ನೋವಿನ ಬಗ್ಗೆ ಒಂದು ಅಕ್ಷರವೂ ಇಲ್ಲ.

ನಾನು ಪಕ್ಕದ ಮನೆಯ ಹಾಳೆಯ ಕಥೆ ಪೂರ್ತಿ ಹೇಳಿದೆ. ಅಷ್ಟು ಹೊತ್ತು ನೋವು ತಿಂದವಳಿಗೆ ಮುಕ್ಕಲು ತ್ರಾಣ ಎಲ್ಲಿರುತ್ತೆ ಅಕ್ಕಾ, ಅವಳು ಸೋತಿದ್ದಾಳೆ ಅಂತ ನೋಡಿ ಏನು ಮಾಡಬೇಕು ಅನ್ನುವುದು ಅಲ್ಲಿದ್ದವರ ಕೆಲಸ ಅಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಹಿಂದೆ ಚಿನ್ನು ತಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು.

"ಅಂಗಾರೆ ನಾನು ಮುಕ್ಕದೆ ಇದ್ದದ್ದಕ್ಕೆ ಅಲ್ವಾ?"

"ಅಲ್ಲ ಅಕ್ಕಾ."

"ಇದ್ನ ಒಂದ್ಸಲ ಅತ್ತೆಗೆ ಯೋಳ್ತೀಯಾ ಅಮ್ಮಿ? ಇಲ್ಲೇ ಜಗಲಿ ಮೇಲೆ ಕೂತವ್ರೆ. ಸ್ಪೀಕರ್‌ಗೆ ಹಾಕ್ತೀನಿ."