ಈ ಸಲದ ಕಟ್ಟ

2024 ಡಿಸೆಂಬರ್ 8, ಭಾನುವಾರ

ಅಂಗಳದ ಅಡಿಕೆ ಇನ್ನೂ ಒಣಗಿಲ್ಲ. ಫೆಂಗಲ್ ಚಂಡಮಾರುತ ದಡ ಹತ್ತಿದ್ದು ಪುದುಚೇರಿಯ ಹತ್ತಿರ, ಮಳೆ ಸುರಿದದ್ದು ನಮ್ಮ ಅಂಗಳಕ್ಕೆ. ಮಂಗಳವಾರ ದಕ್ಷಿಣ ಕನ್ನಡ ಜಿಲ್ಲೆಯ ಶಾಲೆಗಳಿಗೆಲ್ಲ ರಜೆ. ಟಾರ್ಪಾಲು ಮುಚ್ಚಿದ್ದರೂ ಬದಿಯಿಂದ ನೀರು ನುಗ್ಗಿ ಮೊದಲ ಕೊಯ್ಲಿನ ಅರ್ಧ ಅಡಿಕೆ ಒದ್ದೆ. ಬೂಸ್ಟು ಹಿಡಿಯದಿದ್ದರೆ ಪುಣ್ಯ. ಇರಲಿ, ಬರೆಯಲು ಕೂತದ್ದು ಕಟ್ಟದ ವಿಷಯ. ಕಟ್ಟ ಎಂದರೆ ಬೇಸಿಗೆಗೆ ನೀರು ನಿಲ್ಲಲೆಂದು ಮಳೆ ಮುಗಿದ ಮೇಲೆ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಹಾಕುವ ಮಣ್ಣಿನ ಒಡ್ಡು.

ತುಳಸಿ ಪೂಜೆ ಮುಗಿದದ್ದೇ ನಾಲ್ಕೈದು ಮಂದಿ "ಕಟ್ಟ ಯಾವಾಗ" ಎಂದು ಕೇಳಲು ಶುರು ಮಾಡಿದ್ದರು. ಆಚೆಕರೆ ಅಜ್ಜ ಮಾತ್ರ ಬೇಡ ಎಂದರು. "ಇಬ್ಬನಿ ಸರಿಯಾಗಿ ಬೀಳಲಿಲ್ಲ. ಇನ್ನೊಂದು ಮಳೆ ಉಂಟು, ತಡೀರಿ." ಅವರು ಹೇಳಿದ ಹಾಗೇ ಆಯಿತು. ನವೆಂಬರಿನಲ್ಲೇ ಕಟ್ಟಿದ್ದರೆ ಮಂಗಳವಾರ ಗೂಟ ಸಮೇತ ಹೊಳೆ ಸೇರುತ್ತಿತ್ತು. ಹಾಗೆಂದು ತಡ ಮಾಡುವಂತೆಯೂ ಇಲ್ಲ. ಜನವರಿ ಕಳೆದರೆ ತೋಡಿನ ಹರಿವು ಸಪೂರವಾಗುತ್ತದೆ, ಆಮೇಲೆ ಎಷ್ಟು ಚೆಂದ ಕಟ್ಟಿದರೂ ತುಂಬಲು ನೀರು ಬೇಕಲ್ಲ.

ಅಜ್ಜನಿಗೆ ಈ ಸಲ ಕಣ್ಣಿನ ಆಪರೇಷನ್ ಆಗಿದೆ. ತೋಡಿಗೆ ಇಳಿಯಬಾರದೆಂದು ಮಗಳು ಕಟ್ಟುನಿಟ್ಟಾಗಿ ಹೇಳಿದ್ದಾಳೆ. ಹಾಗಾಗಿ ಮನೆಮನೆಗೆ ಹೋಗಿ ಹೇಳಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಕೆಳಗಿನ ಮನೆ, ಮೂಲೆಮನೆ, ಸಂಕದ ಹತ್ತಿರದವರು, ಎಲ್ಲ ಆಯಿತು. ಕಾಫಿ ಕುಡಿದು ಕುಡಿದು ಹೊಟ್ಟೆ ಉಬ್ಬಿತು. ಕೊನೆಗೆ ಮೇಲಿನ ಮನೆ ಅಣ್ಣ.

"ಅಕ್ಕ, ಎಷ್ಟಾಗ್ತದೆ ಹೇಳಿ, ಈಗಲೇ ಗೂಗಲ್ ಪೇ ಮಾಡ್ತೇನೆ. ಬರ್ಲಿಕ್ಕೆ ಮಾತ್ರ ಆಗುವುದಿಲ್ಲ. ಒಂದು ಜೆಸಿಬಿ ತರಿಸಿ, ಅರ್ಧ ದಿನದ ಕೆಲಸ."

ಒಳ್ಳೆಯ ಮನುಷ್ಯ. ಮೊದಲ ಬೋರ್ ಬತ್ತಿ ಎರಡನೆಯದು ಕೊರೆಸಿದ್ದಾನೆ, ಅದರಲ್ಲಿ ನೀರು ಸಾಕಷ್ಟು ಉಂಟು. ಕಟ್ಟದ ಹಂಗು ಅವನಿಗಿಲ್ಲ, ಆದರೂ ದುಡ್ಡು ಕೊಡುತ್ತೇನೆ ಎನ್ನುತ್ತಾನೆ. ಬೇಡ ಎನ್ನಲು ನಾನು ಯಾರು? ಆದರೆ ವಾಪಸು ಬರುವಾಗ ದಾರಿಯುದ್ದಕ್ಕೂ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಜೆಸಿಬಿ ಮಣ್ಣು ರಾಶಿ ಹಾಕಿ ಹೋಗುತ್ತದೆ. ಆಮೇಲೆ?

ಕಟ್ಟ ಕಟ್ಟುವ ದಿನ ಹಬ್ಬ. ಕಷ್ಟ ಇರುವುದು ಅದರ ನಂತರದ ನಾಲ್ಕು ತಿಂಗಳು. ಏಡಿ ರಾತ್ರಿ ಬಿಲ ತೋಡುತ್ತದೆ, ಬೆಳಿಗ್ಗೆ ನೋಡಿದರೆ ಬೆರಳು ಗಾತ್ರದ ನೀರು ಕಟ್ಟದ ಬುಡದಲ್ಲಿ ಒಸರುತ್ತಿರುತ್ತದೆ. ಆಗಲೇ ಒಂದು ಹಿಡಿ ಮಣ್ಣು, ಒಂದಿಷ್ಟು ಸೊಪ್ಪು ತುರುಕಿದರೆ ಆಯಿತು. ನಾಲ್ಕು ದಿನ ಬಿಟ್ಟರೆ ಅದು ತೂತಲ್ಲ, ಬಾಗಿಲು. ಹಾಗೆ ದಿನಾ ನೋಡಲು ಯಾರಾದರೂ ತೋಡಿನ ಬದಿಯಲ್ಲಿ ಓಡಾಡುತ್ತಿರಬೇಕು. ಓಡಾಡುವುದು ಯಾರು? ಆ ನೀರು ಬೇಕಾದವರು. ಊರಿಗೆ ಬೋರ್‌ವೆಲ್ ಬಂದ ಮೇಲೆ ತೋಡಿನ ಬದಿಯ ಕಾಲುದಾರಿಯಲ್ಲಿ ಹುಲ್ಲು ಬೆಳೆದದ್ದು ಸುಮ್ಮನೆ ಅಲ್ಲ. ನೆಲದೊಳಗಿನ ನೀರು ಕೆಳಗೆ ಹೋದದ್ದು ಒಂದು, ನೀರಿಗಾಗಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ "ನಾಳೆ ಬರ್ತೀರಲ್ವಾ" ಎಂದು ಕೇಳುವುದು ನಿಂತದ್ದು ಇನ್ನೊಂದು. ನನಗೆ ಎರಡನೆಯದರ ಬೇಜಾರೇ ಹೆಚ್ಚು.

ನಮ್ಮ ಜಿಲ್ಲೆಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಒಂದು ಎಕ್ರೆಗೆ ಲೆಕ್ಕ ಹಾಕಿದರೆ 1.4 ಕೋಟಿ ಲೀಟರ್. ಹತ್ತನೇ ಕ್ಲಾಸಿನ ಸೊಸೆಗೆ (ಅಣ್ಣನ ಮಗಳಿಗೆ) ಈ ಲೆಕ್ಕ ಮಾಡಿಸಿದೆ, ಅವಳು ಎರಡು ಸಲ ಗುಣಿಸಿ ನೋಡಿದಳು, ನಂಬಲಿಲ್ಲ. ಇಷ್ಟು ಬಿದ್ದೂ ಮಾರ್ಚಿನಲ್ಲಿ ಟ್ಯಾಂಕರ್. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ, ಕುಡಿಯುವುದೂ ಬೇಗ, ಬಿಟ್ಟುಕೊಡುವುದೂ ಬೇಗ. ಗುಡ್ಡೆ ಕುಡಿದ ನೀರೆಲ್ಲ ಒಸರಿ ಒಸರಿ ತೋಡಿಗೆ ಇಳಿಯುತ್ತದೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ಕಟ್ಟ ಮಾಡುವುದು ಇಷ್ಟೇ, ತೋಡಿನಲ್ಲಿ ನೀರು ಎತ್ತರಕ್ಕೆ ನಿಂತರೆ ಗುಡ್ಡೆಯ ಹೊಟ್ಟೆಯ ನೀರು ಇಳಿಯುವ ಅವಸರ ಕಡಿಮೆಯಾಗುತ್ತದೆ. ಕಟ್ಟದಲ್ಲಿ ಕಾಣುವ ನೀರಿಗಿಂತ ಕಾಣದ್ದು ದೊಡ್ಡದು. ಹಿಂದೆ ನಮ್ಮ ತೋಡಿನಲ್ಲಿ ಸಾಲಾಗಿ ಕಟ್ಟಗಳಿದ್ದವಂತೆ. ಕೆಳಗಿನ ಕಟ್ಟದ ಹಿನ್ನೀರು ಮೇಲಿನದರ ಬುಡ ಮುಟ್ಟುತ್ತಿತ್ತು. ಈಗ ಉಳಿದದ್ದು ನಮ್ಮದೊಂದೇ.

ಕೆಳಗೆ ಹೊಳೆಗೆ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಉಂಟಲ್ಲ ಎನ್ನುವವರಿದ್ದಾರೆ. ಉಂಟು. ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಬೇಕು. ಹಲಗೆ ಎಲ್ಲಿದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ. ಹೋದ ವರ್ಷ ಹಲಗೆ ಬಂದದ್ದು ಹೊಳೆ ಕಲ್ಲು ಬಿಟ್ಟ ಮೇಲೆ. ಅಣೆಕಟ್ಟು ಚೆನ್ನಾಗಿಯೇ ಉಂಟು, ಅದನ್ನು ನಮ್ಮದು ಎನ್ನುವ ಒಂದು ಮನೆ ಇಲ್ಲ.

2019 ನೆನಪಾಗುತ್ತದೆ. ಮೇ ತಿಂಗಳಲ್ಲಿ ನೇತ್ರಾವತಿ ಬತ್ತಿ, ಧರ್ಮಸ್ಥಳಕ್ಕೆ ಬರುವ ಭಕ್ತರು ಪ್ರವಾಸ ಮುಂದೂಡಬೇಕು ಎಂದು ಹೆಗ್ಗಡೆಯವರೇ ಕೇಳಿಕೊಂಡರು. ಮಂಗಳೂರಿನಲ್ಲಿ ತುಂಬೆ ಅಣೆಕಟ್ಟಿನ ನೀರು ಸರದಿಯ ಮೇಲೆ. ಅದೇ ವರ್ಷ ಆಗಸ್ಟಿನಲ್ಲಿ ಅದೇ ಬೆಳ್ತಂಗಡಿ ತಾಲೂಕಿನಲ್ಲಿ ಪ್ರವಾಹ, ಚಾರ್ಮಾಡಿ ಕಡೆ ಗುಡ್ಡ ಜರಿದು ತೋಟಗಳಿಗೆ ಕಲ್ಲು, ಮರಳು ನುಗ್ಗಿತು. ಮೂರು ತಿಂಗಳ ಅಂತರ. ಆ ವರ್ಷ ನಮ್ಮ ಕಟ್ಟ ಇತ್ತು. ಪತ್ತನಾಜೆಯ (ಮೇ ಕೊನೆಯ ವಾರದ) ಹೊತ್ತಿಗೂ ಬಾವಿಯಲ್ಲಿ ಬಿಂದಿಗೆ ಮುಳುಗುತ್ತಿತ್ತು.

ಕಟ್ಟದ ದಿನದ ಒಂದು ವಾಸನೆ ಉಂಟು. ಅಡಿಕೆ ಮರದ ಗೂಟಗಳನ್ನು ಎರಡು ಸಾಲಾಗಿ ಹೊಡೆದು, ಅಡ್ಡಕ್ಕೆ ಸಲಾಕೆ ಕಟ್ಟಿ, ಸೋಗೆ ಹಾಸಿ, ನಡುವೆ ಕಲ್ಲು, ಅದರ ಮೇಲೆ ಜೇಡಿ ಮಣ್ಣು. ಬುಟ್ಟಿ ಕೈಯಿಂದ ಕೈಗೆ ಬರುತ್ತದೆ. ಇಬ್ಬರು ಮೂವರು ಮಣ್ಣಿನ ಮೇಲೆ ನಿಂತು ಹಿಮ್ಮಡಿ ಊರಿ ತುಳಿಯುತ್ತಾರೆ, ತುಳಿದಷ್ಟೂ ಮಣ್ಣು ಬೆಣ್ಣೆಯಾಗಿ ಸಂದುಗೊಂದಿಗೆ ಇಳಿಯುತ್ತದೆ. ಹಸಿ ಮಣ್ಣು, ಹಸಿ ಸೊಪ್ಪು, ತಣ್ಣನೆಯ ನೀರು, ಅದೆಲ್ಲ ಸೇರಿದ ವಾಸನೆ ಎರಡು ದಿನ ಕಾಲಿಗೆ ಅಂಟಿಕೊಂಡಿರುತ್ತದೆ. ಈಗ ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ ಪೇರಿಸಿ, ಮುಂದಿನಿಂದ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಇಳಿಬಿಡುತ್ತೇವೆ. ಕೆಲಸ ಹಗುರ, ಸೋರುವುದೂ ಕಡಿಮೆ. ಹಳೆಯದೇ ಚೆಂದ ಎಂದು ನಾನು ಹೇಳುವುದಿಲ್ಲ, ಸೊಂಟ ನೋವಿನವರೇ ಹೆಚ್ಚಿರುವ ಊರಿನಲ್ಲಿ ಚೀಲವೇ ಸರಿ. ಆದರೆ ಮೇ ಕೊನೆಗೆ ಆ ಚೀಲ, ಹಾಳೆ ಎಲ್ಲ ಎಳೆದು ತೆಗೆಯಲೇಬೇಕು. ಇಲ್ಲದಿದ್ದರೆ ಮೊದಲ ಪ್ರವಾಹಕ್ಕೆ ಎಲ್ಲ ಹೊಳೆಗೆ, ಮೀನಿನ ಹೊಟ್ಟೆಗೆ.

ಇಷ್ಟು ಯೋಚನೆ ಮಾಡುತ್ತ ಕೂತಿದ್ದಾಗ ಕಾಲನಿಯ ಅಕ್ಕ ಬಂದರು. ಸಂಜೆ ದೀಪ ಹಚ್ಚುವ ಹೊತ್ತು. ಒಣ ಸೋಗೆ ಕೊಂಡುಹೋಗಲು ಬಂದದ್ದು. ಎಷ್ಟು ಹೇಳಿದರೂ ಜಗಲಿ ಹತ್ತುವುದಿಲ್ಲ, ಮೆಟ್ಟಿಲಲ್ಲೇ ಕೂರುವುದು. ಮಾತಾಡುವಾಗಲೂ ಬೆರಳುಗಳು ಬೀಡಿ ಸುತ್ತುವ ಹಾಗೆ ಆಡುತ್ತಿರುತ್ತವೆ.

"ಕಟ್ಟ ಯಾವಾಗ ಅಕ್ಕ?"

"ಬರುವ ಭಾನುವಾರ ಮಾಡುವ ಅಂತ. ಯಾಕೆ ಕೇಳಿದಿರಿ?"

"ನಮ್ಮ ಬಾವಿ ನಿಮ್ಮ ಕಟ್ಟವನ್ನೇ ಕಾಯುವುದಲ್ವಾ."

ಆಮೇಲೆ ಅವರು ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ. ಐದು ಸೆಂಟ್ಸ್ ಕಾಲನಿಗೆ (ಜಾಗ ಇಲ್ಲದವರಿಗೆ ಸರಕಾರ ಕೊಟ್ಟ ಮನೆ ಜಾಗ) ಇರುವುದು ಒಂದೇ ಬಾವಿ, ಮೇಲಿನಿಂದ ಎಣಿಸಿದರೆ ಹನ್ನೆರಡು ಕಾಂಕ್ರೀಟ್ ರಿಂಗಿನದ್ದು. ನಳ್ಳಿ ಬಂದಿದೆ, ಬೇಸಿಗೆಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಯಾವ ಹೊತ್ತಿಗೆಂದು ಹೇಳುವ ಹಾಗಿಲ್ಲ. ಕಟ್ಟ ಹಾಕಿದ ವರ್ಷ ಮಾರ್ಚಿನಲ್ಲೂ ಎಂಟನೇ ರಿಂಗು ನೀರಿನೊಳಗೇ ಇರುತ್ತದೆ. ಕಟ್ಟ ಹಾಕದ ವರ್ಷ ಶಿವರಾತ್ರಿಗೇ ಹನ್ನೊಂದನೆಯದು ಕಂಡಿತು. ಅವರು ಹಗ್ಗಕ್ಕೆ ಒಂದು ಕಡೆ ಕೆಂಪು ಬಟ್ಟೆಯ ತುಂಡು ಕಟ್ಟಿದ್ದಾರೆ. ಕೊಡಪಾನ ನೀರು ಮುಟ್ಟುವ ಮೊದಲು ಆ ತುಂಡು ರಾಟೆ ದಾಟಿ ಒಳಗೆ ಇಳಿಯಿತೆಂದರೆ ಆ ದಿನದಿಂದ ಬಟ್ಟೆ ಒಗೆಯಲು ಹೊಳೆಗೆ. ಕುಡಿಯಲು, ಅಡಿಗೆಗೆ ಮಾತ್ರ ಬಾವಿ. ಕಾಲನಿಯ ಹೆಂಗಸರಿಗೆಲ್ಲ ಗೊತ್ತಂತೆ, ಯಾರೂ ಯಾರಿಗೂ ಹೇಳಬೇಕಿಲ್ಲ.

ಅಂತರ್ಜಲ ಅಳೆಯಲು ಬೇರೆ ಮೀಟರು ಬೇಕಾ? ನಮ್ಮ ಕಟ್ಟದಿಂದ ಎಷ್ಟು ಉಪಯೋಗ ಎಂದು ಕೇಳಿದವರಿಗೆಲ್ಲ "ತೋಟಕ್ಕೆ ಒಳ್ಳೇದು" ಎನ್ನುವುದು ಬಿಟ್ಟರೆ ನಮ್ಮಲ್ಲಿ ಯಾರಿಗೂ ಇಷ್ಟು ನಿಖರವಾಗಿ ಹೇಳಲು ಬರುತ್ತಿರಲಿಲ್ಲ.

ಎದ್ದು ಸೋಗೆ ಕಟ್ಟುತ್ತ ಅಂದರು, "ನಮ್ಮ ಹುಡುಗರು ಬರ್ತಾರೆ. ಸಂಬಳಕ್ಕೆ ಕರೀತೀರಿ, ಮೀಟಿಂಗಿಗೆ ಕರೆಯುವುದಿಲ್ಲ." ಸಿಟ್ಟಿನಿಂದ ಅಂದದ್ದಲ್ಲ. ಸೋಗೆ ತಲೆಗೆ ಎತ್ತಿಕೊಂಡು ಹೊರಟೇಬಿಟ್ಟರು.

ನಮ್ಮ ತೋಡಿನ ಕ್ರಮ ಹಾಗೇ ಇರುವುದು. ತೋಟದ ಲೆಕ್ಕದಲ್ಲಿ ಆಳು. ಇಷ್ಟು ಎಕ್ರೆ ಇದ್ದವರು ಇಷ್ಟು ಮಂದಿ ಕಳಿಸಬೇಕು. ತೋಟ ಇಲ್ಲದವರಿಗೆ ಪಾಲೂ ಇಲ್ಲ, ಮಾತೂ ಇಲ್ಲ. ಯಾವ ಕಾಲದಲ್ಲಿ ಯಾರು ಮಾಡಿದ ಲೆಕ್ಕವೋ. ನೆಲದೊಳಗಿನ ನೀರು ಆರ್‌ಟಿಸಿ (ಪಹಣಿ) ನೋಡಿ ಹರಿಯುವುದಿಲ್ಲ, ಕಾಲನಿಯ ಬಾವಿಗೂ ಹೋಗುತ್ತದೆ, ಮೇಲಿನ ಮನೆ ಅಣ್ಣನ ಬೋರಿಗೂ ಒಂದಿಷ್ಟು ಹೋಗುತ್ತಿರಬಹುದು.

ಮುಳಬಾಗಿಲಿನ ಗೆಳತಿ ಒಮ್ಮೆ ಅವರ ಕಡೆಯ ನೀರುಗಂಟಿಗಳ ಬಗ್ಗೆ ಹೇಳಿದ್ದಳು. ಕೆರೆಯ ತೂಬು ಎತ್ತುವುದು, ಗದ್ದೆಗದ್ದೆಗೆ ನೀರು ಹಂಚುವುದು, ಏರಿ ಕಾಯುವುದು ಎಲ್ಲ ಅವರದೇ. ಹೆಚ್ಚಿನವರು ದಲಿತರು. ಸುಗ್ಗಿಯಲ್ಲಿ ಪ್ರತಿ ರೈತನಿಂದ ಇಷ್ಟು ಧಾನ್ಯ. ಕೆರೆಯ ಒಂದೊಂದು ಬಿರುಕೂ ಗೊತ್ತಿದ್ದವರು ಅವರು, ಅಚ್ಚುಕಟ್ಟಿನಲ್ಲಿ ಅವರಿಗೆ ಗದ್ದೆ ಇದ್ದದ್ದು ಕಡಿಮೆ. ಬೋರ್‌ವೆಲ್ ಬಂತು, ತೂಬು ತುಕ್ಕು ಹಿಡಿಯಿತು, ಕೊಡುವ ಧಾನ್ಯ ನಿಂತಿತು, ಅವರ ಮಕ್ಕಳು ಬೆಂಗಳೂರಿಗೆ ಹೋದರು. ಈಗ ಕೆರೆ ಹೂಳು ತೆಗೆಯುವಾಗ ಎಷ್ಟು ಆಳಕ್ಕೆ ನಿಲ್ಲಿಸಬೇಕು ಎಂದು ಹೇಳುವವರೇ ಇಲ್ಲವಂತೆ. ಆಗ ಸುಮ್ಮನೆ ಕೇಳಿದ್ದೆ, ಇವತ್ತು ಮತ್ತೆ ಮತ್ತೆ ನೆನಪಾಗುತ್ತಿದೆ.

ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಗೆ ಒಬ್ಬರೇ ಸುರಂಗ ತೋಡಿ ನೀರು ತಂದವರು. ಒಂದೊಂದೇ ಸುರಂಗ ನೀರಿಲ್ಲದೆ ಸೋತರೂ ಬಿಡದೆ ತೋಡಿದರು. 2022ರಲ್ಲಿ ಪದ್ಮಶ್ರೀ ಬಂತು. ಅವರ ಬಗ್ಗೆ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ, ಹಗಲು ಬೇರೆಯವರ ತೋಟದಲ್ಲಿ ದುಡಿದು ಆಮೇಲೆ ದೀಪ ಹಿಡಿದು ಗುಡ್ಡೆಯೊಳಗೆ ಹೋಗುವುದು! ಆದರೆ ಸುರಂಗ ಒಬ್ಬರು ತೋಡಬಹುದು, ಕಟ್ಟ ಆಗುವುದಿಲ್ಲ. ನಾನೊಬ್ಬಳೇ ಹಟಕ್ಕೆ ಬಿದ್ದರೂ ಆಗುವುದಿಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ, ಭಯದಿಂದಲೇ ಹೇಳುತ್ತಿದ್ದೇನೆ. ಅಜ್ಜನ ಕಾಲ ಆದ ಮೇಲೆ ಕಟ್ಟ ನಡೆಸುವವರು ಯಾರು ಎಂದು ಎರಡು ವರ್ಷದಿಂದ ಒಳಗೊಳಗೇ ಕುದಿಯುತ್ತಿದೆ. ಮೂಲೆಮನೆಯ ಹುಡುಗ ಕತಾರಿನಲ್ಲಿ. ಸಂಕದ ಹತ್ತಿರದವರು ಜಾಗ ಮಾರುವ ಮಾತಾಡುತ್ತಿದ್ದಾರೆ. ಉಳಿದ ನಾವೆಲ್ಲ ಬಗ್ಗಿದರೆ ಏಳಲು ಕೈ ಹಿಡಿಯಬೇಕಾದವರು. ತೋಡಿನ ಬದಿಯಲ್ಲಿ ದಿನಾ ನಡೆಯುವವರು ಈಗ ನಿಜವಾಗಿ ಯಾರಿದ್ದಾರೆ ಎಂದು ನೋಡಿದರೆ ಕಾಲನಿಯ ಮಕ್ಕಳು, ಶಾಲೆಗೆ ಹೋಗುವ ದಾರಿ ಅದೇ.

ರಾತ್ರಿ ಊಟ ಆದ ಮೇಲೆ ಗ್ರೂಪಿಗೆ ಮೆಸೇಜು ಹಾಕಿದೆ. "ಭಾನುವಾರ ಬೆಳಿಗ್ಗೆ 7ಕ್ಕೆ ಕಟ್ಟ. ಬುಧವಾರ ಸಂಜೆ ಅಜ್ಜನ ಮನೆಯಲ್ಲಿ ಕೂತು ಮಾತಾಡುವ. ಮನೆಗೊಬ್ಬರು. ಕಾಲನಿಯವರನ್ನೂ ಕರೆದಿದ್ದೇನೆ, ಸಂಬಳಕ್ಕಲ್ಲ." ಬೆಳಗಾದ ಕೂಡಲೇ ಹೋಗಿ ಕರೆಯಬೇಕು. ನಾಲ್ಕು ಹೆಬ್ಬೆರಳು ಬಂದವು. ಅಜ್ಜನ ಮಗಳು "ಅಪ್ಪನಿಗೆ ಓದಿ ಹೇಳಿದೆ, ಮೊದಲೇ ಆಗಬೇಕಿತ್ತು ಅಂದರು" ಎಂದು ಬರೆದಳು, ಓದಿ ಕಣ್ಣು ತುಂಬಿತು. ಅದರ ಕೆಳಗೆ ಇನ್ನೊಬ್ಬರು, "ಅವರ ಒಂದು ದಿನದ ಸಂಬಳ ಹೋಗ್ತದಲ್ವಾ, ಅದಕ್ಕೆ ಯಾರು?" ಸರಿಯಾದ ಪ್ರಶ್ನೆ. ದಿನಗೂಲಿಯವರಿಗೆ ಭಾನುವಾರವೂ ಕೂಲಿಯ ದಿನವೇ. ಮೇಲಿನ ಮನೆ ಅಣ್ಣನ ದುಡ್ಡು ಜೆಸಿಬಿಗೆ ಹೋಗುವ ಬದಲು ಅಲ್ಲಿಗೆ ಹೋಗಬಹುದಾ? ಆಗ ಅದು ಮತ್ತೆ ಸಂಬಳವೇ ಆಯಿತಲ್ಲ. ಎಲ್ಲರಿಗೂ ಒಂದೇ ಹಾಗೆ ಕೊಟ್ಟರೆ, ತೋಟ ಇದ್ದವರಿಗೂ ಇಲ್ಲದವರಿಗೂ? ಊಟ ಒಂದೇ ಪಂಕ್ತಿಯಲ್ಲಿ ಎಂದು ಮೊದಲೇ ಹೇಳಿಬಿಡಬೇಕು, ಅದನ್ನು ಬುಧವಾರಕ್ಕೆ ಬಿಡುವುದು ಬೇಡ.

ಚೀಲ ಕೆಳಗಿನ ಮನೆಯಲ್ಲಿ ಸಾಕಷ್ಟು ಉಂಟಂತೆ. ಗೂಟಕ್ಕೆ ಮಂಗಳವಾರದ ಗಾಳಿಗೆ ಬಿದ್ದ ಅಡಿಕೆ ಮರಗಳೇ ಆದಾವು. ಮಣ್ಣಿನದ್ದೇ ತೊಂದರೆ, ಹೋದ ಸಲ ಅಗೆದ ಕಡೆ ಧರೆ ಜರಿದಿದೆ, ಇನ್ನು ಅಲ್ಲಿ ಮುಟ್ಟುವ ಹಾಗಿಲ್ಲ, ಕಾಲನಿಯ ಹಿಂದೆ ಒಳ್ಳೆಯ ಜೇಡಿ ಉಂಟು, ಆದರೆ ಅದು ಅವರ ಬಾವಿಯ ಮೇಲ್ಬದಿ, ಅಲ್ಲಿ ಅಗೆಯಬಹುದೋ ಬೇಡವೋ ಎಂದು ಆ ಅಕ್ಕನನ್ನೇ ಕೇಳಬೇಕು.