ಕಳೆದದ್ದು ಹನ್ನೆರಡು, ಕೂಡಿದ್ದು ಹನ್ನೆರಡು

ಸಿನಿಮಾದ ಎಲ್ಲ ದನಿಗಳನ್ನೂ ಚಿತ್ರಕ್ಕೆ ಕೂಡಿಸುವ ಫೈನಲ್ ಮಿಕ್ಸ್, ಮೂರನೇ ರೀಲ್. ರೀಲಿನ ಎರಡು ತುದಿಯ ಸಿಂಕ್ ಬೀಪ್‌ಗಳು, ಹೆಡ್ ಪಾಪ್ ಸರಿ, ಟೇಲ್ ಪಾಪ್ ಸರಿ. ನಡುವೆ ಮಾತ್ರ ನಾಯಕಿ ‘ಅಪ್ಪ’ ಅಂತ ತುಟಿ ಮುಚ್ಚಿ ತೆರೆದು ಅರ್ಧ ಸೆಕೆಂಡ್ ಆದಮೇಲೆ ದನಿ. ಮೊದಲು ಡಬ್ಬಿಂಗ್ ಮೇಲೆ ಗುಮಾನಿ, ಆಮೇಲೆ ಪ್ರೊಜೆಕ್ಟರ್ ಡಿಲೇ ಮೇಲೆ. ನಿರ್ದೇಶಕರು ಸೋಫಾದಿಂದೆದ್ದು ಪರದೆ ಹತ್ತಿರ ನಿಂತರು. ಥಿಯೇಟರ್ ಬಾಡಿಗೆ ಗಂಟೆ ಲೆಕ್ಕ. ಮ್ಯಾನೇಜರ್ ಬಾಗಿಲಲ್ಲಿ ವಾಚು ನೋಡುತ್ತಿದ್ದರು. ತಪ್ಪು ಎಡಿಟರ್ ಆದ ನನ್ನ ಟೈಮ್‌ಲೈನಿನದೇ ಅಂತ ಹೊಳೆಯಲು ನಲವತ್ತು ನಿಮಿಷ ಹಿಡಿಯಿತು.

ಎಡಿಟಿಂಗ್ ಮುಗಿದು ಕಟ್ ಲಾಕ್ ಆದಮೇಲೆ ನಿರ್ದೇಶಕರಿಂದ ಎರಡು ಕರೆಕ್ಷನ್ ಬಂದಿದ್ದವು. ‘ಇಲ್ಲಿ ಲ್ಯಾಗ್ ಇದೆ’ ಅಂದರು, 12 ಫ್ರೇಮ್ (ಸೆಕೆಂಡಿಗೆ 24ರ ಲೆಕ್ಕದಲ್ಲಿ ಅರ್ಧ ಸೆಕೆಂಡ್) ಹೋಯಿತು. ನಾಲ್ಕು ನಿಮಿಷದಾಚೆ ‘ಅಲ್ಲಿ ಸ್ವಲ್ಪ ಹಿಡೀರಿ’ ಅಂದರು, 12 ಫ್ರೇಮ್ ಸೇರಿತು. ರೀಲಿನ ಉದ್ದ ಬದಲಾಗಲಿಲ್ಲ. ಸೌಂಡಿನವರಿಗೆ ಫೋನಲ್ಲಿ ‘ಲೆಂತ್ ಚೇಂಜ್ ಇಲ್ಲ’ ಅಂದು, ಹಳೇ ಹೆಸರಿನ ಫೈಲ್ ಮೇಲೇ ಎಕ್ಸ್‌ಪೋರ್ಟ್ ಹೊಡೆದು ಬಣ್ಣ ತಿದ್ದುವ ಡಿಐಗೆ ಕಳಿಸಿಬಿಟ್ಟೆ. ಮಿಕ್ಸ್‌ಗೆ ಬಂದದ್ದು ಡಿಐನ ಹೊಸ ಪಿಕ್ಚರ್. ಡೈಲಾಗ್, ಫೋಲಿ (ಹೆಜ್ಜೆ ಸಪ್ಪಳದಂಥ ಸದ್ದು), ಸಂಗೀತ ಮಾತ್ರ ಹಳೇ ಎಎಎಫ್ ಮೇಲೆ, ಅಂದರೆ ಹಳೇ ಕಟ್‌ನಿಂದ ಸೌಂಡಿನವರಿಗೆ ಹೋದ ಫೈಲ್ ಮೇಲೆ ಕಟ್ಟಿದ್ದು.

ಪಾಪ್ ಅಂದರೆ ಒಂದೇ ಫ್ರೇಮಿನ ಬೀಪ್. ಮೊದಲ ಫ್ರೇಮಿಗೆ 48 ಫ್ರೇಮ್ ಹಿಂದೆ ಒಂದು, ಕೊನೆಯದಕ್ಕೆ ಅಷ್ಟೇ ಮುಂದೆ ಇನ್ನೊಂದು. ತುದಿ ಕಾಯುವುದಷ್ಟೇ ಅವುಗಳ ಕೆಲಸ. ಒಳಗಿನ ಪತ್ತೆಗೆ ಹಳೇ ರೆಫರೆನ್ಸ್ ವಿಡಿಯೋ ಮೇಲೆ ಹೊಸದನ್ನು ಡಿಫರೆನ್ಸ್ ಮೋಡಿನಲ್ಲಿ ಹಾಕಿ: ಒಂದೇ ಆಗಿದ್ದರೆ ಪರದೆ ಕಪ್ಪು, ಜರುಗಿದ ಕಡೆಯಿಂದ ಅಂಚುಗಳು ಹೊಳೆಯುತ್ತವೆ. ಗ್ರೇಡ್ ಆದ ಪಿಕ್ಚರಿಗೆ ಇದು ನಡೆಯದು, ಬಣ್ಣವೇ ಬೇರೆ. ಆಗ ಹೊಸ ಕಟ್‌ನ ಗೈಡ್ ಟ್ರ್ಯಾಕ್ (ಎಡಿಟಿಂಗ್‌ನ ಕಚ್ಚಾ ದನಿ) ಎಡ ಸ್ಪೀಕರಿಗೆ, ಡೈಲಾಗ್ ಬಲಕ್ಕೆ. ಎಲ್ಲಿ ಮಾತು ಎರಡೆರಡು ಸಲ ಕೇಳುತ್ತದೋ ಅಲ್ಲೇ ಎಡವಟ್ಟು. ಕಣ್ಣಿಗೆ ಪರೀಕ್ಷೆ ಬೇಕಿದ್ದರೆ ಪ, ಬ, ಮ ಇರುವ ಮಾತು ಹುಡುಕಿ. ಅವಕ್ಕೆ ತುಟಿ ಮುಚ್ಚಲೇಬೇಕು, ಎರಡು ಫ್ರೇಮ್ ತಪ್ಪಿದರೂ ಸಿಕ್ಕಿಬೀಳುತ್ತದೆ.

ನಿರ್ದೇಶಕರು ‘ಲ್ಯಾಗ್’ ಅಂತ ಬೆರಳಿಟ್ಟ ಕಡೆ ಹೆಚ್ಚಿನ ಸಲ ಲ್ಯಾಗ್ ಇರುವುದಿಲ್ಲ. ಎರಡು ಮೂರು ಶಾಟ್ ಹಿಂದೆ, ಗೊತ್ತಾದ ವಿಷಯವನ್ನೇ ಮತ್ತೆ ಹೇಳಿಸಿದ ಮಾತಿನಲ್ಲಿರುತ್ತದೆ. ಲಾಕ್‌ಗೆ ಮುಂಚೆ ಅದನ್ನು ತೆಗೆದು ತೋರಿಸಿ, ವಾದ ಬೇಡ. ಲಾಕ್ ಆದಮೇಲೆ ಕತ್ತರಿಸಲೇಬೇಕಾದರೆ, ಮುಂದಿನ ಬಾಯಿ ಕಾಣುವ ಮೊದಲೇ, ಬೆನ್ನು ಕಾಣುವ ಶಾಟಿನಲ್ಲೋ ವೈಡ್‌ನಲ್ಲೋ ಅಷ್ಟೇ ಫ್ರೇಮ್ ವಾಪಸ್ ಕೊಡಿ. ಹ್ಯಾಂಡಲ್, ಅಂದರೆ ಶಾಟಿನ ತುದಿಗಳಲ್ಲಿ ಹೆಚ್ಚುವರಿಯಾಗಿ ಉಳಿಸುವ ಭಾಗ, 24 ಫ್ರೇಮ್ ಇಟ್ಟಿದ್ದರೆ ಅದರೊಳಗೇ ಸಿಗುತ್ತದೆ. ಮೀರಿದರೆ ಡಿಐನವರು ಒರಿಜಿನಲ್ ಫೂಟೇಜ್ ಮತ್ತೆ ಎಳೆಯಬೇಕು. ಹೆಸರಿಗೆ ಹೊಸ ವರ್ಷನ್ ನಂಬರ್, ಜೊತೆಗೆ ಚೇಂಜ್ ಲಿಸ್ಟ್: ಟೈಮ್‌ಕೋಡ್, ಮೈನಸ್ ಎಷ್ಟು, ಪ್ಲಸ್ ಎಷ್ಟು. ಫೋನಲ್ಲಲ್ಲ, ಮೇಲ್‌ನಲ್ಲಿ, ಸೌಂಡು, ಡಿಐ ಇಬ್ಬರಿಗೂ ಒಟ್ಟಿಗೆ. ರಿಲೀಸ್ ಡೇಟ್ ಮೊದಲು ಅನೌನ್ಸ್ ಮಾಡಿ ಆಮೇಲೆ ಲಾಕ್ ಕೇಳುವ ಪ್ರೊಡಕ್ಷನ್‌ಗೆ ಇದೆಲ್ಲ ‘ಐದು ನಿಮಿಷದ ಕೆಲಸ’. ಹೊಸ ಕಟ್‌ಗೆ ಎಲ್ಲವನ್ನೂ ಮತ್ತೆ ಹೊಂದಿಸುವ ರೀಕನ್‌ಫರ್ಮ್‌ಗೆ ಬಜೆಟ್‌ನಲ್ಲಿ ಸಾಲೇ ಇರುವುದಿಲ್ಲ.

ಆ ದಿನ ಡೈಲಾಗ್, ಫೋಲಿ ಜರುಗಿಸಲು ಹತ್ತು ನಿಮಿಷ ಸಾಕಾಯಿತು. ಕಾಡಿದ್ದು ಸಂಗೀತ. 96 ಬಿಪಿಎಂಗೆ (ನಿಮಿಷಕ್ಕೆ 96 ಬೀಟ್) ಬೀಟೊಂದಕ್ಕೆ 15 ಫ್ರೇಮ್. 12 ಕತ್ತರಿಸಿದರೆ ತಾಳ ಕುಂಟುತ್ತದೆ. ಇಡೀ ಬೀಟ್ ತೆಗೆದು, ಹೆಚ್ಚಾಗಿ ಹೋದ 3 ಫ್ರೇಮನ್ನು ತಾಳವಿಲ್ಲದ ತಂಬೂರಿ ಶ್ರುತಿಯಲ್ಲಿ ಎಳೆದು ಮುಚ್ಚಿದೆವು. 120 ಬಿಪಿಎಂ ಆಗಿದ್ದರೆ ಬೀಟಿಗೆ ಸರಿಯಾಗಿ 12.