ಹೊರಡು ಎನ್ನುವ ಸಂಕೇತ

ಮುಂಬೈನ ಮಾಟುಂಗಾದ ಮನೆಯಲ್ಲಿ ಚಿಕ್ಕಮ್ಮ ಪರೇಲಿನ ಟಾಟಾ ಆಸ್ಪತ್ರೆಯ ವರದಿಯನ್ನು ನನ್ನ ಕೈಗಿತ್ತು, ಎದೆಯಲ್ಲಿದ್ದ ಕ್ಯಾನ್ಸರ್ ಮೂಳೆಗೆ ಹೇಗೆ ಹೋಯಿತೆಂದು ಕೇಳಿದರು.

ಸ್ತನದ ನಾಳಗಳ ಒಳಪದರದ ಜೀವಕೋಶಗಳು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನ ನೆರವಿನಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಟಿಜಿಎಫ್-ಬೀಟಾ ಎಂಬ ಸಂಕೇತದ ಅಣು ಕೋಶದ ಮೇಲ್ಮೈಯಲ್ಲಿ ಸಂಕೇತಗಳನ್ನು ಹಿಡಿಯುವ ಪ್ರೋಟೀನಾದ ಗ್ರಾಹಕಕ್ಕೆ ಅಂಟಿದಾಗ, ಆ ಸುದ್ದಿಯು ಸ್ಮ್ಯಾಡ್ ಪ್ರೋಟೀನುಗಳ ಮೂಲಕ ಕೋಶಕೇಂದ್ರವನ್ನು ತಲುಪಿ, ಈ ಹಿಡಿತವನ್ನು ತಯಾರಿಸುವ ಜೀನನ್ನು ಅಡಗಿಸಬಲ್ಲದು. ಹಾಗೆ ಬಿಡಿಸಿಕೊಂಡ ಕ್ಯಾನ್ಸರ್ ಕೋಶವು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿಂದ ಮೈಯನ್ನು ಮುಂದಕ್ಕೆ ಚಾಚಿ, ಸುತ್ತಲಿನ ಅಂಗಾಂಶದ ಜಾಲವನ್ನು ಕಿಣ್ವಗಳಿಂದ ಕರಗಿಸುತ್ತ, ರಕ್ತನಾಳದತ್ತ ತೆವಳತೊಡಗುತ್ತದೆ. ರೋಗದ ಆರಂಭದಲ್ಲಿ ಇದೇ ಟಿಜಿಎಫ್-ಬೀಟಾ ಕೋಶವಿಭಜನೆಯನ್ನು ತಡೆಯುವ ಕಾವಲುಗಾರನಾಗಿರುತ್ತದೆ ಎಂಬುದೇ ನನ್ನನ್ನು ಹೆಚ್ಚು ಕಾಡಿದ ಸಂಗತಿ.

ಹೋಗುವ ದಿಕ್ಕೂ ಆಕಸ್ಮಿಕವಲ್ಲ. 1889ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಕ್ಯಾನ್ಸರ್ ಕೋಶಕ್ಕೂ ಅದು ನೆಲೆಯೂರುವ ಅಂಗಕ್ಕೂ ಇರುವ ನಂಟನ್ನು ಬೀಜ ಮತ್ತು ಮಣ್ಣಿನ ಸಂಬಂಧಕ್ಕೆ ಹೋಲಿಸಿದ್ದರು. ಸ್ತನ ಕ್ಯಾನ್ಸರ್ ಕೋಶಗಳ ಸಿಎಕ್ಸ್‌ಸಿಆರ್4 ಗ್ರಾಹಕವು, ಮೂಳೆಮಜ್ಜೆ ಮತ್ತು ಶ್ವಾಸಕೋಶಗಳು ಹೊರಸೂಸುವ ಸಿಎಕ್ಸ್‌ಸಿಎಲ್12 ಅಣುವಿನ ಜಾಡನ್ನು ಹಿಡಿಯುತ್ತದೆಂದು 2001ರ ಸಂಶೋಧನೆ ತೋರಿಸಿತು.

ಗ್ರಾಹಕದ ಹೆಸರುಗಳು ಚಿಕ್ಕಮ್ಮನಿಗೆ ಬೇಕಿರಲಿಲ್ಲ. ಕುಂದಾಪುರದ ಗದ್ದೆಯಲ್ಲಿ ನಟ್ಟಿ ಮಾಡಿ ಬೆಳೆದ ಅವರಿಗೆ ಮಣ್ಣಿನ ಮಾತು ಮಾತ್ರ ಥಟ್ಟನೆ ಅರ್ಥವಾಯಿತು.